ಚಲುವರಾಜುವಿಗೆ ಎದುರಾಡುವವರು ಬೇಕಾಗಿದ್ದಾರೆ

ಶೀಳನೆರೆ ಹೋಬಳಿಯ ನಮ್ಮೂರಿನಲ್ಲಿ ಡೈರಿಗೆ ಹಾಲು ಹಾಕುವವರು ಅರವತ್ತು ಮಂದಿ ಇದ್ದೇವೆ. ಅರವತ್ತು ಮಂದಿಯೂ ಒಂಬತ್ತು ವರ್ಷ, ದಿನಕ್ಕೆರಡು ಹೊತ್ತು, ಕ್ಯಾನು ಹಿಡಿದು ನಿಂತುಕೊಂಡೇ ತತ್ವಶಾಸ್ತ್ರ ಕೇಳಿದ್ದೇವೆ. ಸರ್ಕಾರ ಯಾವತ್ತಾದರೂ ತಾಳ್ಮೆಗೆ ಪದವಿ ಕೊಡುವುದಾದರೆ ನಮ್ಮೂರಿಗೊಂದು ಬಸ್ಸು ಕಳಿಸಲಿ, ಎಲ್ಲರೂ ಹತ್ತಿಕೊಳ್ಳುತ್ತೇವೆ.

ಪಾಠ ಹೇಳುತ್ತಿದ್ದವನು ಡೈರಿಯ ಸೆಕ್ರೆಟರಿ ಚಲುವರಾಜು. ನಲವತ್ತಾರು ವಯಸ್ಸು, ಕೆ.ಆರ್. ಪೇಟೆಯಲ್ಲಿ ಬಿ.ಎ. ಮಾಡಿದವನು, ಎರಡೆಕರೆ ಗದ್ದೆ, ಮೂಗಿನ ತುದಿಗೆ ಜಾರುವ ಕನ್ನಡಕ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋದೀತು. ನಾನು ಚಂದ್ರಶೇಖರ, ಮರಗೆಲಸದವನು, ಊರವರ ಬಾಯಲ್ಲಿ ಆಚಾರ್ರು. ಬಾಗಿಲು ಕಿಟಕಿ ಮಾಡಿಕೊಂಡು, ಜೊತೆಗೊಂದು ಹಸು ಸಾಕಿಕೊಂಡಿದ್ದೇನೆ. ಆ ಹಸುವಿನ ದೆಸೆಯಿಂದ ನನಗೂ ಈ ವಿದ್ಯಾಭ್ಯಾಸ ಆಯಿತು.

ಡೈರಿಯ ಕ್ರಮ ಹೀಗಿತ್ತು. ನಾವು ತಂದ ಹಾಲಿನಿಂದ ಚಲುವರಾಜು ಒಂದಿಷ್ಟು ತೆಗೆದು ಹಳೆಯ ಯಂತ್ರಕ್ಕೆ ಹಾಕುತ್ತಿದ್ದ. ಅದು ತೋರಿಸಿದ ಸಂಖ್ಯೆಯನ್ನು ಬಗ್ಗಿ ನೋಡಿ ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂಬ ಆ ಸಂಖ್ಯೆಗೆ ನಾವು ಫ್ಯಾಟು ಎನ್ನುತ್ತೇವೆ. ಫ್ಯಾಟು ಏರಿದರೆ ಹಾಲಿಗೆ ಮರ್ಯಾದೆ, ಇಳಿದರೆ ನಮಗೂ ಇಲ್ಲ, ಹಸುವಿಗೂ ಇಲ್ಲ. ಯಂತ್ರದ ಮುಖ ಗೋಡೆಯ ಕಡೆಗಿತ್ತು, ಚಲುವರಾಜುವಿನ ಮುಖ ನಮ್ಮ ಕಡೆಗಿತ್ತು. ಬಗ್ಗಿ ನೋಡುವುದಕ್ಕೂ ಚೀಟಿ ಬರೆಯುವುದಕ್ಕೂ ನಡುವೆ ಅವನು ಪೆನ್ನನ್ನು ಗಾಳಿಯಲ್ಲಿ ಹಿಡಿದುಕೊಂಡು ತತ್ವ ಹೇಳುತ್ತಿದ್ದ. ಪೆನ್ನು ಮೇಲಿರುವಾಗ ಎದುರು ಮಾತಾಡುವ ಗಂಡಸು ಯಾರಿದ್ದಾನೆ?

ಒಬ್ಬನಿದ್ದ. ಒಂಬತ್ತು ವರ್ಷದ ಹಿಂದೆ, ಆಗಷ್ಟೇ ಚಲುವರಾಜುವಿಗೆ ತತ್ವದ ಹುಚ್ಚು ಹಿಡಿದಿತ್ತು. ಒಂದು ದಿನ ಬೆಳಿಗ್ಗೆ, ‘ಆತ್ಮಕ್ಕೆ ಹಸಿವಿಲ್ಲ’ ಎಂದ. ಸಾಲಿನಲ್ಲಿ ನಿಂತಿದ್ದ ಕರಿಯಪ್ಪ ಸುಮ್ಮನಿರಲಾರದೆ, “ಅಂಗಾರೆ ಎಂಟು ಗಂಟೆ ಆಯ್ತಿದ್ದಂಗೆ ತಿಂಡಿಗೆ ಓಡೋಯ್ತೀಯಲ್ಲ, ಅದು ಯಾರ್ಲಾ?” ಎಂದುಬಿಟ್ಟ. ಸಾಲೆಲ್ಲ ಗೊಳ್ಳೆಂದಿತು. ಅವತ್ತು ಸಂಜೆ ಕರಿಯಪ್ಪನ ಹಸುವಿನ ಫ್ಯಾಟು ನಾಲ್ಕೂಕಾಲರಿಂದ ಮೂರೂವರೆಗೆ ಇಳಿಯಿತು. ಮಾರನೆಯ ದಿನ ಇನ್ನೂ ಇಳಿಯಿತು. ಕರಿಯಪ್ಪ ಕೇಳಿದ್ದಕ್ಕೆ ಚಲುವರಾಜು ಸಮಾಧಾನವಾಗಿಯೇ ಹೇಳಿದ: “ಮಳೆ ಬಂದು ಬದಿನಲ್ಲಿ ಎಳೆಹುಲ್ಲು ಚಿಗುರದೆ ಕಣಣ್ಣ. ಅಸಿ ಮೇವು ಜಾಸ್ತಿ ಆದ್ರೆ ಫ್ಯಾಟು ಇಳೀತದೆ. ನನ್ ಮೇಲೆ ಯಾಕೆ ಆಕ್ತೀಯ? ಏನ್ ಮೇವು ತಿಂದದೆ ನೋಡ್ಕೋ.”

ಮಾತು ನಿಜವೇ. ಹಸು ಸಾಕಿದ ಯಾರಿಗಾದರೂ ಗೊತ್ತಿರುವ ವಿಷಯ. ಕರಿಯಪ್ಪ ಮನೆಗೆ ಹೋಗಿ ಒಣಹುಲ್ಲನ್ನೂ ಹಿಂಡಿಯನ್ನೂ ಹೆಚ್ಚಿಸಿದ. ಆದರೂ ಯಾವುದಕ್ಕೂ ಇರಲಿ ಎಂದು ಮರುದಿನ ಸಾಲಿನಲ್ಲಿ ಕೈಮುಗಿದು, “ಯೋಚ್ನೆ ಮಾಡ್ದೆ ಕಣಪ್ಪ, ಆತ್ಮಕ್ಕೆ ಅಸಿವಿಲ್ಲ, ನೀನಂದಿದ್ದೇ ಸರಿ” ಎಂದೂ ಹೇಳಿದ. ಒಂದು ವಾರದಲ್ಲಿ ಫ್ಯಾಟು ಮೇಲೆದ್ದಿತು. ಹಿಂಡಿಯನ್ನು ಊರು ನೋಡಲಿಲ್ಲ, ಕೈಮುಗಿದದ್ದನ್ನು ನೋಡಿತು. ಬಡವನ ಕೋಪ ದವಡೆಗೆ ಮೂಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವತ್ತಿನಿಂದ ಡೈರಿಯ ಮುಂದೆ ಅರವತ್ತು ತಲೆ ಕೋಲೆ ಬಸವನ ಹಾಗೆ ಆಡತೊಡಗಿದವು.

ಇನ್ನು ಚಲುವರಾಜು ಏನೆಂದುಕೊಂಡ? ಕರಿಯಪ್ಪ ವಾದದಲ್ಲಿ ಸೋತ ಎಂದುಕೊಂಡ! ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಮೊಬೈಲಿನಲ್ಲಿ ಭಾಷಣ ಕೇಳಿದ, ಮೈಸೂರಿನಿಂದ ಹಳೆಯ ಪುಸ್ತಕ ತಂದ, ‘ಜ್ಞಾನದ ಕೆನೆ’ ಎಂದು ವಾಟ್ಸಾಪ್ ಗುಂಪು ಮಾಡಿ ಹಾಲು ಹಾಕುವವರನ್ನೆಲ್ಲ ಸೇರಿಸಿದ. ಬೆಳಿಗ್ಗೆ ನಾಲ್ಕೂವರೆಗೆ ಒಂದು ವಿಚಾರ ಹಾಕಿದರೆ ಐದಕ್ಕೆಲ್ಲ ನಲವತ್ತು ಜೋಡಿ ಕೈ ಮುಗಿದ ಚಿತ್ರ ಬರುತ್ತಿತ್ತು. ಅದರಲ್ಲಿ ಒಂದು ಜೋಡಿ ನನ್ನದು.

ಕಳೆದ ವರ್ಷ ಅವನ ತಲೆಗೆ ಹೊಸ ಹುಳ ಹೊಕ್ಕಿತು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಬೇಕೋ, ಅಥವಾ ತನ್ನ ಪಾಡಿಗೆ ತಾನೇ ಚಿಂತನೆ ಮಾಡಿಕೊಂಡಿರಬೇಕೋ? ಮೈಸೂರಿನ ಒಂದು ಕಾಲೇಜಿನಲ್ಲಿ ಶನಿವಾರ ಭಾನುವಾರದ ತರಗತಿ ಇತ್ತು. ಅರ್ಜಿಯನ್ನೂ ತಂದಿದ್ದ. ಅರ್ಜಿಯ ಕೊನೆಯ ದಿನ ತಿಂಗಳ ಮೂವತ್ತು.

“ಆಚಾರ್ರೇ, ನೀವೇ ಯೋಳಿ,” ಎಂದು ನನ್ನ ಕೊಟ್ಟಿಗೆಗೇ ಬಂದು ಕೂತ. “ಸೇರ್ಕಂಡ್ರೆ ಅವರು ಯೋಳ್ದಂಗೆ ಬರೀಬೇಕು, ನನ್ ಚಿಂತನೆ ಕೆಟ್ಟೋಯ್ತದೆ. ಸೇರ್ದಿದ್ರೆ ನಾಳೆ ಜನ ಇವನ್ಯಾವನು ಡೈರಿಯೋನು ಅಂತಾರೆ. ಮನೇಲಿ ಪವಿತ್ರ ಬೇರೆ ಆಡ್ಕೋತಾವ್ಳೆ.”

ಅವನ ಹೆಂಡತಿ ಪವಿತ್ರ ಹೇಳಿದ್ದು ಇಷ್ಟೇ: “ಮಾತಾಡ್ದೆ ಒಂದಿನ ಇರಕ್ಕಾಯ್ತದಾ ನಿಮಗೆ? ಕ್ಲಾಸಲ್ಲಿ ಬಾಯ್ ಮುಚ್ಕೊಂಡು ಕೂರ್ಬೇಕು, ಗೊತ್ತಾ?” ಒಂಬತ್ತು ವರ್ಷದಲ್ಲಿ ಅವನಿಗೆ ಯಾರಾದರೂ ನೇರವಾಗಿ ಹೇಳಿದ್ದರೆ ಅದು ಅವಳೊಬ್ಬಳೇ. ಗಂಡನಾದವನು ಅದನ್ನು ತತ್ವಶಾಸ್ತ್ರದ ಲೆಕ್ಕಕ್ಕೆ ಹಿಡಿಯುವುದುಂಟೆ?

ಪಾಂಡವಪುರದಲ್ಲಿ ಮಹದೇವಸ್ವಾಮಿ ಎಂಬ ನಿವೃತ್ತ ಮೇಷ್ಟ್ರಿದ್ದಾರೆ, ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಹೇಳಿದವರು. ಅವರ ಮನೆಗೆ ನಾನು ಕಿಟಕಿ ಕೂರಿಸಿದ್ದೆ. ಆ ಪರಿಚಯದ ಮೇಲೆ ಚಲುವರಾಜುವನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಮೇಷ್ಟ್ರು ಮುಕ್ಕಾಲು ಗಂಟೆ ಅವನ ಮಾತು ಕೇಳಿದರು. ಅವರಿಗೆ ಫ್ಯಾಟಿನ ಭಯವಿಲ್ಲ, ಆದರೂ ಕೇಳಿದರು. ದೊಡ್ಡ ಮನುಷ್ಯರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು.

“ನೀವು ಹೇಳಿದ್ದು ತಪ್ಪು ಅಂತ ಇತ್ತೀಚೆಗೆ ಯಾರು ಹೇಳಿದ್ರು?”

“ಯಾರೂ ಯೋಳಿಲ್ಲ ಸಾರ್,” ಎಂದ ಚಲುವರಾಜು, ಎದೆಯುಬ್ಬಿಸಿ.

“ಎಷ್ಟು ವರ್ಷದಿಂದ?”

“ಒಂಬತ್ತು ವರ್ಸ ಆಯ್ತು. ಮನೇಲಿ ಎಂಡ್ತಿ ಯೋಳ್ತಾಳೆ, ಅದು ಲೆಕ್ಕಕ್ಕಿಲ್ಲ ಬುಡಿ.”

ಒಳಗೆ ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಯಾವುದೋ ಪಾತ್ರೆಯನ್ನು ಜೋರಾಗಿಯೇ ಕುಕ್ಕಿದರು. ಮೇಷ್ಟ್ರು ನಕ್ಕು ಹೇಳಿದರು: “ನೋಡಿ ಚಲುವರಾಜು, ಕ್ಲಾಸಲ್ಲಿ ಕೂತು ಓದಿ, ಮನೇಲಿ ಕೂತು ಓದಿ, ಅದು ಮುಖ್ಯ ಅಲ್ಲ. ನಿಮ್ಮ ಎದುರಿಗೆ ನಿಂತು ‘ಇಲ್ಲ’ ಅನ್ನೋರು ಒಬ್ಬರು ಬೇಕು. ಊರಲ್ಲೇ ಅಂಥೋರು ಸಿಕ್ಕಿದರೆ ಎಂ.ಎ. ಬೇಡ. ಸಿಗದಿದ್ರೆ ಸೇರಿಬಿಡಿ. ಇನ್ನೂ ಹದಿನೈದು ದಿನ ಇದೆಯಲ್ಲ, ಹುಡುಕಿ.”

ಹುಡುಕಾಟ ಮಾರನೆಯ ಬೆಳಿಗ್ಗೆಯೇ ಶುರುವಾಯಿತು. ಸೊಸೈಟಿಗೆ ಸೆಕ್ರೆಟರಿ ಬೇಕು ಎಂದು ಹುಡುಕುವುದನ್ನು ಕಂಡಿದ್ದೇನೆ, ಮಗಳಿಗೆ ಗಂಡು ಹುಡುಕುವುದನ್ನು ಕಂಡಿದ್ದೇನೆ, ತನಗೆ ಬೈಯುವವರನ್ನು ಹುಡುಕಿದವನನ್ನು ಇವನೊಬ್ಬನನ್ನೇ ಕಂಡದ್ದು. ಎದುರಾಡಲಿ ಎಂದೇ ಅಡ್ಡಾದಿಡ್ಡಿ ಮಾತಾಡಿದ. “ಆಲು ಬೆಳ್ಳಗಿಲ್ಲ ಕಣ್ರಪ್ಪ, ಬಿಳಿ ಇರಾದು ನಮ್ ಕಣ್ಣಲ್ಲಿ” ಎಂದ. ಹೌದು ಎಂದರು. “ಒಳೆ ನಿಂತದೆ, ದಡ ಅರ್ಕೊಂಡು ಓಯ್ತದೆ” ಎಂದ. ಸಾಲಿನಲ್ಲಿದ್ದ ದೇವಯ್ಯ ಗಂಭೀರವಾಗಿ, “ನಂಗೂ ಆಗಾಗ ಅಂಗೇ ಅನ್ನುಸ್ತದೆ” ಎಂದ. ಎತ್ತು ಈಯ್ತು ಎಂದರೂ ಕೊಟ್ಟಿಗೆಗೆ ಕಟ್ಟಲು ಹಗ್ಗ ಹಿಡಿದು ನಿಂತವರು ನಾವು.

ಒಂದು ವಾರ ಕಳೆದ ಮೇಲೆ ಅವನಿಗೆ ರೇಗಿತು. ಪೆನ್ನನ್ನು ಮೇಜಿಗೆ ಕುಕ್ಕಿ, “ಯಾರಾದ್ರೂ ಒಬ್ಬರು ಎದುರು ಮಾತಾಡ್ರಪ್ಪ, ಕೈ ಮುಗೀತೀನಿ!” ಎಂದು ಕೂಗಿದ. ಸಾಲಿಗೆ ಸಾಲೇ ಒಂದು ಹೆಜ್ಜೆ ಹಿಂದೆ ಸರಿಯಿತು. ನನ್ನ ಹಿಂದಿದ್ದ ಮುದುಕಿ ಚಿಕ್ಕಬೋರಮ್ಮ ಕಿವಿಯಲ್ಲಿ ಹೇಳಿದಳು: “ಉಷಾರು ಆಚಾರ್ರೇ, ಯಾರ್ ಬಾಯ್ಬುಡ್ತಾರೆ ಅಂತ ನೋಡ್ತಾವ್ನೆ.”

ಸರಿ, ಎದುರಾಳಿ ಸಿಗಲಿಲ್ಲ. ಮೇಷ್ಟ್ರು ಹೇಳಿದ ಪ್ರಕಾರ ಇವನೀಗ ಎಂ.ಎ. ಸೇರಬೇಕು ತಾನೇ? ಚಲುವರಾಜು ಬೇರೆಯೇ ತೀರ್ಮಾನಕ್ಕೆ ಬಂದ. “ಇಡೀ ಊರಲ್ಲಿ ಎದುರಾಡೋರಿಲ್ಲ ಅಂದ್ಮೇಲೆ ನಾನು ಯಾರತ್ರ ಓಗಿ ಕಲೀಲಿ ಆಚಾರ್ರೇ?” ಎಂದ. ಅರ್ಜಿಯನ್ನು ಮೇಜಿನ ಡ್ರಾಯರಿನಲ್ಲಿ ಹಳೆಯ ಚೀಟಿಗಳ ಕೆಳಗೆ ತುರುಕಿದ. ವಾಟ್ಸಾಪಿನಲ್ಲಿ ತನ್ನ ಹೆಸರಿನ ಮುಂದೆ ‘ಸ್ವತಂತ್ರ ಚಿಂತಕ’ ಎಂದು ಹಾಕಿಕೊಂಡ. ನಾನು ಏನು ಮಾಡಿದೆ? ಹೌದು ಎಂದು ತಲೆಯಾಡಿಸಿದೆ. ಇಷ್ಟು ಉಗಿಯುತ್ತಿರುವ ನಾನೇ.

ತಿಂಗಳ ಇಪ್ಪತ್ತಾರಕ್ಕೆ ಡೈರಿಗೆ ಹೊಸ ಯಂತ್ರ ಬಂತು. ಚಲುವರಾಜುವೇ ಆರು ತಿಂಗಳ ಹಿಂದೆ ಅದಕ್ಕೆ ಅರ್ಜಿ ಬರೆದಿದ್ದ. ಚಿಂತನೆಗೆ ಇನ್ನಷ್ಟು ಸಮಯ ಸಿಗುತ್ತದೆ ಎಂದು. ಹಾಲು ಸುರಿದರೆ ಫ್ಯಾಟನ್ನು ಅದೇ ನೋಡಿಕೊಳ್ಳುತ್ತದೆ, ಸಾಲಿಗೆಲ್ಲ ಕಾಣುವ ಹಾಗೆ ಗೋಡೆಯ ಮೇಲಿನ ಫಲಕದಲ್ಲಿ ಕೆಂಪಕ್ಷರದಲ್ಲಿ ತೋರಿಸುತ್ತದೆ, ಚೀಟಿಯನ್ನೂ ತಾನೇ ಉಗುಳುತ್ತದೆ. ಮಾರನೆಯ ದಿನ ಬೆಳಿಗ್ಗೆ ಮೊದಲು ಹಾಲು ಹಾಕಿದವಳು ಚಿಕ್ಕಬೋರಮ್ಮ. ಅವಳಿಗೆ ಅರವತ್ತೆಂಟು ವಯಸ್ಸು, ಒಂದು ಎಮ್ಮೆ ಇದೆ. ಎಮ್ಮೆಯಷ್ಟೇ ನಿಧಾನ, ಎಮ್ಮೆಯಷ್ಟೇ ಯಾರಿಗೂ ದಾರಿ ಬಿಡುವವಳಲ್ಲ.

“ಇದ್ಕೆ ನಂಬ್ರು ಯಾರು ಆಕ್ತಾರಪ್ಪ?” ಎಂದಳು.

“ಅದೇ ಆಕ್ಕೊಳ್ತದೆ ಕಣವ್ವ. ನಾನು ಬಟನ್ ಒತ್ತಾದಷ್ಟೆ.”

“ನೀನು ತಿದ್ದಕ್ಕಾಗಕಿಲ್ವಾ?”

“ಯಾರೂ ತಿದ್ದಕ್ಕಾಗಕಿಲ್ಲ,” ಎಂದು ಚಲುವರಾಜು ನಕ್ಕ. ಕೈಯಲ್ಲಿ ಪೆನ್ನಿಲ್ಲದಿದ್ದರೂ ಬೆರಳನ್ನು ಗಾಳಿಯಲ್ಲಿ ಎತ್ತಿ ಅವತ್ತಿನ ಪಾಠ ಶುರುಮಾಡಿದ. “ನೋಡವ್ವ, ಅಂಗೇ ನೋಡಿದ್ರೆ ಒತ್ತೋನೂ ಇಲ್ಲ. ‘ನಾನು’ ಅನ್ನಾದೇ ಸುಳ್ಳು. ನಾನು ಅನ್ನೋದು ಎಲ್ಲೂ ಇಲ್ಲ.”

ಫಲಕದಲ್ಲಿ ಏಳು ಪಾಯಿಂಟ್ ಒಂದು ಎಂದು ಬಂತು. ಚಿಕ್ಕಬೋರಮ್ಮ ಚೀಟಿ ಹರಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಕ್ಯಾನನ್ನು ಕೆಳಗಿಟ್ಟಳು. ಸೊಂಟದ ಮೇಲೆ ಕೈ ಇಟ್ಟಳು.

“ಲೇ ಚಲುವ. ನಾನಿಲ್ಲ, ನಾನಿಲ್ಲ ಅಂತ ಒಂಬತ್ತು ವರ್ಸದಿಂದ ಬಡ್ಕೋತಿದ್ದೀಯಲ್ಲ, ಬಡ್ಕೋತಿರೋನು ಯಾರ್ಲಾ? ಸುಳ್ಳು ಅಂತೀಯ. ಸುಳ್ಳು ಅಂತ ಕಂಡ್ಕೊಂಡೋನು ಯಾರ್ಲಾ? ಇಲ್ದೆ ಇರೋನ್ಗೆ ನಿಂತ್ಕೊಂಡು ನಿಂತ್ಕೊಂಡು ನನ್ ಮಂಡಿ ಎಲ್ಡೂ ಓಯ್ತಲ್ಲೋ!”

ಆಮೇಲೆ ಕಟ್ಟೆ ಒಡೆಯಿತು ನೋಡಿ! “ಆಲು ಬೆಳ್ಳಗೇ ಅದೆ ಕಣಯ್ಯ” ಎಂದ ದೇವಯ್ಯ. “ಒಳೆನೇ ಅರಿಯಾದು, ದಡ ಅಲ್ಲ” ಎಂದ ಇನ್ನೊಬ್ಬ. ಒಂಬತ್ತು ವರ್ಷದ ಬಾಕಿಯನ್ನೆಲ್ಲ ಒಂದೇ ಬೆಳಿಗ್ಗೆ ತೀರಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾಚಿಕೆಗೆಟ್ಟವರು. ನಿನ್ನೆ ಸಂಜೆಯವರೆಗೂ ಕೈಮುಗಿದ ಚಿತ್ರ ಕಳಿಸಿದ ಬಾಯಿಗಳೇ.

ಚಲುವರಾಜುವಿನ ಬೆರಳು ಇನ್ನೂ ಮೇಲೇ ಇತ್ತು. “ಅಂಗಾರೆ... ಇಷ್ಟ್ ವರ್ಸ ಯಾಕ್ ಸುಮ್ಕಿದ್ರಿ?” ಎಂದ.

“ಫ್ಯಾಟು ನಿನ್ ಕೈಲಿತ್ತಲ್ಲಪ್ಪ,” ಎಂದಳು ಚಿಕ್ಕಬೋರಮ್ಮ, ಮಗುವಿಗೆ ಹೇಳುವಂತೆ.

“ನಂದು ಇಳಿಸಿರ್ಲಿಲ್ವಾ ನೀನು? ಆತ್ಮದ ಮಾತಿಗೆ?” ಎಂದ ಕರಿಯಪ್ಪ.

ಚಲುವರಾಜು ಎದ್ದು ನಿಂತ. ಅವನ ಮುಖ ನೋಡಲಾಗಲಿಲ್ಲ. “ನಾನು ಇಳಿಸಿದ್ನಾ? ನನ್ ಮಕ್ಕಳಾಣೆ ಕರಿಯಪ್ಪಣ್ಣ, ಇದ್ದಿದ್ದೇ ಬರ್ದಿವ್ನಿ. ಒಂದು ಪಾಯಿಂಟು ಮುಟ್ಟಿಲ್ಲ. ಒಂಬತ್ತು ವರ್ಸ ನೀವೆಲ್ಲ ನನ್ನ ಕಳ್ಳ ಅಂದ್ಕೊಂಡೇ ತಲೆ ಆಡಿಸಿದ್ರಾ?” ನನ್ನ ಕಡೆ ತಿರುಗಿದ. “ಆಚಾರ್ರೇ, ನೀವಾದ್ರೂ ಯೋಳಿ.”

ನಾನು ಕ್ಯಾನಿನ ಮುಚ್ಚಳ ನೋಡುತ್ತ ನಿಂತೆ. ಮೂರು ವರ್ಷದ ಹಿಂದೆ ಡೈರಿಯ ಕಿಟಕಿ ರಿಪೇರಿಗೆಂದು ಎರಡು ದಿನ ಅವನ ಬೆನ್ನ ಹಿಂದೆಯೇ ಕೆಲಸ ಮಾಡಿದ್ದೆ. ಯಂತ್ರದಲ್ಲಿ ಬಂದದ್ದನ್ನೂ ಅವನು ಬರೆದದ್ದನ್ನೂ ಕಣ್ಣಾರೆ ಕಂಡಿದ್ದೆ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಉಳಿದ ಐವತ್ತೊಂಬತ್ತು ಮಂದಿ ಹೆದರಿ ತಲೆಯಾಡಿಸಿದರು. ಹೆದರಲು ಏನೂ ಇಲ್ಲವೆಂದು ಗೊತ್ತಿದ್ದೂ ಆಡಿಸಿದವನು ನಾನೊಬ್ಬನೇ. ಯಾಕೆ ಬೇಕು ಉಸಾಬರಿ ಎಂದು. ಈಗ ಹೇಳಿ, ನಗಬೇಕಾದದ್ದು ಯಾರನ್ನು ನೋಡಿ?

“ಮುಟ್ಟಿಲ್ಲ,” ಎಂದೆ. “ಅವನು ಬರೆದಿದ್ದೆಲ್ಲ ಸರಿಯಾಗೇ ಇತ್ತು. ನಾನೇ ನೋಡಿವ್ನಿ.” ಕರಿಯಪ್ಪ ಕೆಮ್ಮಿದ. ಚಲುವರಾಜು ಕೂತು ಒಂದೊಂದಾಗಿ ಬಟನ್ ಒತ್ತಿದ. ಅವತ್ತು ಸಾಲು ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು.

ಎಲ್ಲರೂ ಹೋದ ಮೇಲೆ ಡ್ರಾಯರಿನಿಂದ ಅರ್ಜಿ ತೆಗೆದ. ಹಿಂಡಿ ಮೂಟೆಯ ಮೇಲೆ ಇಟ್ಟುಕೊಂಡು ತುಂಬಿಸಿದ.

“ಈಗ ಊರ ತುಂಬ ಎದುರಾಡೋರೇ ಸಿಕ್ಕವ್ರಲ್ಲ, ಮೇಷ್ಟ್ರು ಅಂದಂಗೆ ಎಂ.ಎ. ಬೇಕಿಲ್ವಲ್ಲ?” ಎಂದೆ ನಾನು. ಹೊಸದಾಗಿ ಬಾಯಿ ಬಂದಿತ್ತು ನನಗೂ.

“ಇವರ ಸವಾಸ ಸಾಕು ಆಚಾರ್ರೇ. ಅಲ್ಲಿ ಫ್ಯಾಟಿಲ್ಲ. ನಿಜ ಮಾತಾಡೋರು ಅಲ್ಲಿರ್ತಾರೆ,” ಎಂದ. ಮರುದಿನವೇ ಮೈಸೂರಿಗೆ ಹೋಗಿ ಕೊಟ್ಟು ಬಂದ.

ಶನಿವಾರ ಭಾನುವಾರ ಅವನು ತರಗತಿಗೆ ಹೋದರೆ ಡೈರಿಯಲ್ಲಿ ಪವಿತ್ರ ಬಟನ್ ಒತ್ತುತ್ತಿದ್ದಳು. ತತ್ವ ಹೇಳುತ್ತಿರಲಿಲ್ಲ. ಊರಿಗೆ ವಾರದಲ್ಲಿ ಎರಡು ದಿನ ಹಬ್ಬ. ‘ಜ್ಞಾನದ ಕೆನೆ’ ಗುಂಪಿನಲ್ಲಿ ಏಳು ಜನ ಉಳಿದರು, ಅದರಲ್ಲಿ ಮೂವರಿಗೆ ಹೊರಗೆ ಬರುವುದು ಹೇಗೆಂದು ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಸೋಮವಾರ ಚಲುವರಾಜು ತಾನಾಗಿಯೇ ಬಾಯಿಬಿಟ್ಟ. “ಅಲ್ಲೂ ಅಂಗೇ ಕಣವ್ವ,” ಎಂದ ಚಿಕ್ಕಬೋರಮ್ಮನಿಗೆ. “ಕಾಲೇಜು ಮೇಷ್ಟ್ರು ಏನಂದ್ರೂ ಮೂವತ್ತು ತಲೆ ಆಡ್ತವೆ. ಇಂಟರ್ನಲ್ ಮಾರ್ಕ್ಸು ಅಂತ ಒಂದದೆ, ಅದು ಅವರ ಕೈಲಿರ್ತದೆ.”

“ನಿನ್ ತಲೆ?” ಎಂದಳು ಮುದುಕಿ.

ಚಲುವರಾಜು ಕನ್ನಡಕ ತೆಗೆದು ಒರೆಸಿದ. “ನಂದೂ ಆಡ್ತದೆ.”

ಸಾಲು ಬಿದ್ದು ಬಿದ್ದು ನಕ್ಕಿತು. ಚಿಕ್ಕಬೋರಮ್ಮ ಮಾತ್ರ ನಗಲಿಲ್ಲ. “ಥೂ ನಿನ್ನ! ನಮಗಾದ್ರೆ ಎಮ್ಮೆ ಎಳ್ಕೊಂಡು ಓಯ್ತಿತ್ತು, ಬೇರೆ ದಾರಿ ಇರ್ಲಿಲ್ಲ. ನಿನ್ನ ಅಲ್ಲಿಗೆ ಎಳ್ಕೊಂಡೋದೋರು ಯಾರ್ಲಾ? ಬಾಯ್ಬುಡೋ ವಸಿ!”

ಮುಂದಿನ ಶನಿವಾರ ಚಲುವರಾಜು ಬಾಯಿಬಿಟ್ಟ. ಮೇಷ್ಟ್ರು ‘ನಾನು ಎಂಬುದು ಭ್ರಮೆ’ ಎಂದಾಗ ಎದ್ದು ನಿಂತು, ‘ಭ್ರಮೆ ಆಗಿರಾದು ಯಾರಿಗೆ ಸಾರ್?’ ಎಂದು ಕೇಳಿದನಂತೆ. ಮುದುಕಿಯ ಪ್ರಶ್ನೆ, ಎಮ್ಮೆಯ ವಾಸನೆ ಸಮೇತ. ತರಗತಿ ನಕ್ಕಿತಂತೆ. ‘ಆಮೇಲೆ ನೋಡೋಣ, ಕೂತ್ಕೊಳ್ಳಿ’ ಎಂದರಂತೆ ಮೇಷ್ಟ್ರು. ಆ ವಾರವೇ ಅವನು ಹದಿನಾಲ್ಕು ಪುಟದ ಪ್ರಬಂಧವನ್ನೂ ಬರೆದುಕೊಟ್ಟ.

ಪ್ರಬಂಧ ತಿಂಗಳ ಮೇಲೆ ವಾಪಸು ಬಂತು. ಸೋಮವಾರ ಬೆಳಿಗ್ಗೆ ಅದನ್ನು ಡೈರಿಗೇ ತಂದು, ಸಾಲಿಗೆಲ್ಲ ಕಾಣುವಂತೆ ಎತ್ತಿ ಹಿಡಿದ. ಇಪ್ಪತ್ತಕ್ಕೆ ಏಳು.

“ನೋಡ್ರಪ್ಪ,” ಎಂದ. “ಒಂದೇ ಒಂದು ಸಲ ಎದುರು ಮಾತಾಡಿದ್ದು. ಏಳಕ್ಕೆ ಇಳಿಸ್ಬುಟ್ಟವ್ರೆ. ಸೇಡು ಅಲ್ದೆ ಇನ್ನೇನಿದು?”

ಎಲ್ಲರೂ ಕರಿಯಪ್ಪನ ಕಡೆ ನೋಡಿದೆವು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರೂ ಅವನ ಕಡೆಯೇ ನೋಡಿದೆವು. ಕರಿಯಪ್ಪ ಕ್ಯಾನನ್ನು ಕೆಳಗಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅವಸರವಿಲ್ಲದೆ ಹೇಳಿದ:

“ಮೇಷ್ಟ್ರು ಮೇಲೆ ಯಾಕ್ಲಾ ಆಕ್ತೀಯ? ಏನ್ ಮೇವು ತಿಂದಿದ್ದೆ ನೋಡ್ಕೋ.”

ಚಲುವರಾಜುವಿನ ಕಿವಿ ಕೆಂಪಾಯಿತು. ಕುರ್ಚಿಯಲ್ಲಿ ಕೂತು ಆ ಹದಿನಾಲ್ಕು ಪುಟವನ್ನು ಮೊದಲಿನಿಂದ ಓದತೊಡಗಿದ. ಎರಡನೆಯ ಪುಟದಲ್ಲಿ ಪೆನ್ನು ತೆಗೆದು ಒಂದು ಸಾಲು ಹೊಡೆದುಹಾಕಿದ, ಮೂರನೆಯದರಲ್ಲಿ ಅರ್ಧ ಪುಟ. ಬಟನ್ ಒತ್ತುವವನಿಲ್ಲದೆ ಅರವತ್ತು ಮಂದಿ ಕ್ಯಾನು ಹಿಡಿದು ಕಾಯುತ್ತ ನಿಂತೆವು, ಯಾರೂ ಅವನನ್ನು ಅವಸರ ಮಾಡಲಿಲ್ಲ.